ಬಚ್ಚಲಲ್ಲಿ ಹತ್ತೊಂಬತ್ತು ಕಪ್ಪೆಗಳು

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ಮೇ ೧೧, ಸೋಮವಾರ ಬೆಳಿಗ್ಗೆ

ಮನೆಯಲ್ಲಿಲ್ಲದ ನಮ್ಮನೆಯವರಿಗೆ ಪ್ರೀತಿಯಿಂದ,

ಹೇಗಿದ್ದೀರಿ? ಕಿವಿಯಲ್ಲಿ ಗುಂಯ್‌ಗುಡುವುದು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ನಲವತ್ತೈದು ಡಿಗ್ರಿ ಸೆಕೆ ಎಂದು ಬರೆದಿದ್ದಿರಿ. ಇಲ್ಲಿ ಎಂಜಿನ್ ಇಲ್ಲದೆಯೇ ನಲವತ್ತೊಂದಾಯಿತು. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ. ನಾನು ಚೆನ್ನಾಗಿದ್ದೇನೆ. ಕಪ್ಪೆಗಳಲ್ಲಿ ನಾಲ್ಕು ಸತ್ತವು. ಅದನ್ನು ಮೊದಲೇ ಹೇಳಿಬಿಟ್ಟೆ, ಓದುತ್ತಾ ನೀವು ಆತಂಕಪಡಬಾರದೆಂದು.

ನಮ್ಮ ಸಂಶೋಧನಾ ಕೇಂದ್ರದ ತಂಪು ಕೋಣೆಯನ್ನು ನೀವು ಒಮ್ಮೆ ಮಾತ್ರ ನೋಡಿದ್ದೀರಿ. ಒಳಗೆ ಬಂದವರೇ ಸ್ವೆಟರ್ ಕೇಳಿದ್ದಿರಿ. ಹದಿನೇಳು ಡಿಗ್ರಿ, ಗಾಜಿನ ಪೆಟ್ಟಿಗೆಗಳು, ಹತ್ತೊಂಬತ್ತು ತೊರೆಗಪ್ಪೆಗಳು. ಪ್ರತಿ ಸೋಮವಾರ ನಾನು ಅವನ್ನು ತೂಗಬೇಕು. ಕಪ್ಪೆಯನ್ನು ತಕ್ಕಡಿಗೆ ಹಾಕುವುದು ಲೋಕಕ್ಕೆಲ್ಲ ಗಾದೆ, ನನಗೆ ಸಂಬಳದ ಕೆಲಸ. ಅವು ಹುಟ್ಟಿದ್ದು ಊರ ಹಿಂದಿನ ಗುಡ್ಡದ ತೊರೆಯಲ್ಲಿ. ನೀರು ಬಿಸಿಯಾಗುತ್ತಾ ಬಂದ ಹಾಗೆ ವರ್ಷವರ್ಷವೂ ಮೇಲಕ್ಕೆ ಸರಿದವು. ಗುಡ್ಡದ ತುದಿ ಮುಟ್ಟಿದ ಮೇಲೆ ಸರಿಯಲು ಜಾಗವೇ ಉಳಿಯಲಿಲ್ಲ. ಮೊದಲ ಮಳೆಗೆ ಮೊಟ್ಟೆಯಿಟ್ಟರೆ ಮುಂದಿನ ಹದಿನೈದು ದಿನ ಒಣ ಬಿಸಿಲು; ಆಮೇಲೆ ಒಂದೇ ದಿನದಲ್ಲಿ ತಿಂಗಳ ಮಳೆ ಸುರಿದು ಉಳಿದದ್ದನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಸಿಕ್ಕಷ್ಟನ್ನು ಹಿಡಿದು ಕೇಂದ್ರಕ್ಕೆ ತಂದೆವು. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಗೊದಮೊಟ್ಟೆಗಳು ಕೆರೆದು ತಿನ್ನುತ್ತಿದ್ದ ಪಾಚಿ ಈಗ ಕಲ್ಲಿಗೆಲ್ಲ ದಪ್ಪಗೆ ಹತ್ತಿಕೊಂಡಿದೆ, ನೀರು ವಾಸನೆ ಹೊಡೆಯುತ್ತದೆ. ದಂಡೆಯ ಹಾವುಗಳು ಕಾಣಲಿಲ್ಲ. ಸೊಳ್ಳೆಗಳು ಮಾತ್ರ ಮದುವೆಗೆ ಬಂದವರ ಹಾಗೆ ಎದುರುಗೊಂಡವು. ಕಪ್ಪೆಯೊಂದು ಹೋದರೆ ಕಪ್ಪೆ ಮಾತ್ರ ಹೋಗುವುದಿಲ್ಲ ಎಂದು ನಮ್ಮ ಕೇಂದ್ರದ ಮೇಡಂ ಹೇಳುತ್ತಿದ್ದರು. ಅಂದು ಕಣ್ಣಾರೆ ಕಂಡೆ.

ಬುಧವಾರ ಮಧ್ಯಾಹ್ನ ಸೆಕೆಗೆ ಊರಿನ ಕರೆಂಟೇ ಹೋಯಿತು. ಜನರೇಟರ್ ಎರಡು ಗಂಟೆ ಓಡಿ ನಿಂತಿತು. ಮೇಡಂ ಬೇರೆ ಊರಲ್ಲಿದ್ದರು, ಮೆಕ್ಯಾನಿಕ್ ಫೋನ್ ಎತ್ತಲಿಲ್ಲ. ತಂಪು ಕೋಣೆ ಇಪ್ಪತ್ತಾರು ಡಿಗ್ರಿಗೆ ಏರಿತು. ಎರಡು ಕಪ್ಪೆಗಳು ಮಗುಚಿ ಬಿದ್ದಿದ್ದವು, ಕೈಯಿಂದ ತಿರುಗಿಸಿದರೂ ಏಳಲಿಲ್ಲ. ಉಳಿದವನ್ನು ಯಾರನ್ನೂ ಕೇಳದೆ ಒದ್ದೆ ಬಟ್ಟೆ ಹಾಸಿದ ಡಬ್ಬಿಗಳಲ್ಲಿ ತುಂಬಿಕೊಂಡು, ಸತ್ತ ಎರಡನ್ನೂ ಲೆಕ್ಕಕ್ಕೆಂದು ಜೊತೆಗಿಟ್ಟುಕೊಂಡು, ಆಟೋ ಹತ್ತಿದೆ. ನಮ್ಮ ಬಚ್ಚಲಿನದು ಕಲ್ಲುಹಾಸಿನ ನೆಲ, ಬಿಸಿಲು ಬೀಳದ ಗೋಡೆ. ಮನೆಯಲ್ಲಿ ತಂಪಿರುವುದು ಅಲ್ಲೊಂದೇ ಕಡೆ.

ಅತ್ತೆ ಬಾಗಿಲಲ್ಲೇ ತಡೆದರು. “ಅಯ್ಯೋ, ನಿನಗೇನು ತಲೆ ಕೆಟ್ಟಿದೆಯೇನೇ? ಮೊದಲು ಆಚೆ ಹಾಕು!” ಎಂದರು. ನಾನು ಒಳಗೆ ನುಗ್ಗಿ ಡಬ್ಬಿಗಳನ್ನು ನೆಲದ ಮೇಲಿಟ್ಟೆ. ಆಮೇಲೆ ನೆನಪಾಯಿತು, ನಲ್ಲಿ ನೀರಿಗೆ ಹಾಕುವ ಔಷಧಿ ಅವುಗಳ ಚರ್ಮಕ್ಕೆ ವಿಷ. ಎರಡು ದಿನ ತೆರೆದಿಟ್ಟ ನೀರೇ ಬೇಕು. ನಿಮ್ಮ ತಾಯಿ ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಸಿಡುವುದನ್ನು ನಾವಿಬ್ಬರೂ ಎಷ್ಟು ಆಡಿಕೊಂಡಿದ್ದೇವೆ! ಹಿತ್ತಲಲ್ಲಿ ಏಳು ಬಕೆಟ್ ತುಂಬಿದ್ದವು. ನಾನು ಕೇಳುವ ಮೊದಲೇ ಅತ್ತೆ ಒಂದನ್ನು ಎಳೆದು ತಂದಿದ್ದರು, ಅದೂ ಆ ಮಂಡಿಯಲ್ಲಿ. ಮಣ್ಣಿನ ಕುಂಡಗಳನ್ನು ತೊಳೆದು ಅವುಗಳಲ್ಲಿ ಡಬ್ಬಿ ಇಡಿಸಿದರು. ತಮ್ಮ ಹಳೆಯ ಹೊಲಿಗೆ ಪೆಟ್ಟಿಗೆಯಿಂದ ಹತ್ತಿ ಬಟ್ಟೆ ತೆಗೆದು ಒದ್ದೆ ಮಾಡಿ ಸುತ್ತಿದರು. ಮೂರು ದಿನ ಬಚ್ಚಲ ಬಾಗಿಲಿಗೆ ಸ್ಟೂಲ್ ಹಾಕಿಕೊಂಡು ಬೀಸಣಿಗೆ ಬೀಸಿದರು. ನಾವು ಪಕ್ಕದ ಮನೆಯಲ್ಲಿ ಸ್ನಾನ ಮಾಡಿದೆವು. ಗುರುವಾರ ಇನ್ನೆರಡು ಹೋದವು. “ಬಾಯಿ ಬಿಟ್ಟು ನೀರು ಕೇಳೋಕೂ ಬರಲ್ಲ ಇವಕ್ಕೆ,” ಎಂದು ಅತ್ತೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತರು. ನಾನು ತಾಪಮಾನ ಬರೆದುಕೊಂಡೆ: ಇಪ್ಪತ್ಮೂರು. ಆಮೇಲೆ ಅದು ಏರಲಿಲ್ಲ.

ಶನಿವಾರ ಕರೆಂಟ್ ಬಂತು. ಮೇಡಂ ಮನೆಗೇ ವ್ಯಾನ್ ತಂದು ಹದಿನೈದನ್ನೂ ಒಂದೊಂದಾಗಿ ನೋಡಿದರು. ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. “ಇನ್ನು ಆ ತಂಪು ಕೋಣೆಯನ್ನು ನಂಬಿ ಕೂರೋಕಾಗಲ್ಲ,” ಎಂದರು. ಬಡಗಣ ಬೆಟ್ಟ ನಮ್ಮ ಗುಡ್ಡಕ್ಕಿಂತ ಎರಡರಷ್ಟು ಎತ್ತರವಂತೆ, ಅಲ್ಲಿನ ತೊರೆ ಇನ್ನೂ ತಣ್ಣಗಿದೆಯಂತೆ. ಕಪ್ಪೆಗಳನ್ನು ಅಲ್ಲಿಗೆ ಒಯ್ದು, ಮೊದಲು ಬಲೆಯೊಳಗಿಟ್ಟು, ಅಲ್ಲಿನ ಜೀವಗಳಿಗೆ ಇವುಗಳಿಂದ ತೊಂದರೆಯಿಲ್ಲ ಎಂದು ಖಾತ್ರಿಯಾದ ಮೇಲೆ ಬಿಡುವುದು. ಬದುಕಿಯಾವು ಎಂಬ ಭರವಸೆಯನ್ನು ಮೇಡಂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಎಂಜಿನ್ ಕೋಣೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡಿ. ನಿಮ್ಮ ಜೊತೆಯ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅತ್ತೆ ನಿಮ್ಮನ್ನು ಹರಸಿದ್ದಾರೆ, ಜೊತೆಗೆ ನಿಮ್ಮ ಕಳೆದ ಪತ್ರ ಚಿಕ್ಕದಾಯಿತೆಂದು ಬೈದಿದ್ದಾರೆ.

ಇಂತು ನಿಮ್ಮ ದಾರಿ ನೋಡುವ,
ನಿಮ್ಮವಳು

ಮರೆತಿದ್ದೆ: ಬೆಟ್ಟದ ಮೇಲೆ ಮೂರು ವರ್ಷ ಇದ್ದು ನೋಡಿಕೊಳ್ಳುವವರು ಬೇಕು, ನೀನು ಹೋಗುತ್ತೀಯಾ ಎಂದು ಮೇಡಂ ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸ್ಟೂಲಿನಿಂದಲೇ ಕೇಳಿದರು, “ಅಲ್ಲಿ ಮೆಟ್ಟಿಲು ಎಷ್ಟಿವೆ?” ಒಂದೂ ಇಲ್ಲ ಎಂದರು ಮೇಡಂ. “ಹಾಗಾದ್ರೆ ಇಬ್ಬರೂ ಬರ್ತೀವಿ. ಅವನಿಗೆ ನೀನೇ ಬರಿ,” ಎಂದರು ನಿಮ್ಮ ತಾಯಿ. ನಿಮ್ಮನ್ನು ಕೇಳದೆ ಒಪ್ಪಿಕೊಂಡೆ, ಕೇಳಲು ನೀವು ಯಾವ ಕಡಲಲ್ಲಿದ್ದಿರೋ. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತೇವೆ. ಹಡಗು ಇಳಿದವರು ಇಲ್ಲಿಗೆ ಬಂದು ಬಾಗಿಲು ಬಡಿಯಬೇಡಿ, ಬೇರೆಯವರು ತೆಗೆದಾರು. ಬೆಟ್ಟದ ಬಸ್ಸು ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದು, ತೊರೆಯ ದಂಡೆಯಲ್ಲೇ ಅರ್ಧ ಗಂಟೆ ಮೇಲಕ್ಕೆ ನಡೆಯಿರಿ. ಸಿಟ್ಟು ಬಂದಿದ್ದರೂ ಬನ್ನಿ.