ಬುಕ್‌ಮಾರ್ಕಿನ ಮೇಲಿನ ಎರಡು ಸಾಲು

ಶನಿವಾರ, ಮಾರ್ಚ್ ೧೪
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನೀನು ಚೆನ್ನಾಗಿದ್ದೀಯ ಅಂದುಕೊಂಡು ಬರೆಯಲು ಕೂತಿದ್ದೇನೆ. ನಿನ್ನ ಎರಡು ಪತ್ರಗಳಿಗೆ ಉತ್ತರ ಹಾಕಿಲ್ಲ, ಗೊತ್ತು. ಮೊದಲನೆಯದಕ್ಕೆ ಸೋಮಾರಿತನ ಕಾರಣ, ಎರಡನೆಯದಕ್ಕೆ ಹೆದರಿಕೆ. ಬಯ್ಯುವುದಾದರೆ ಎರಡನ್ನೂ ಸೇರಿಸಿ ಬಯ್ಯಿ. ಫೋನು ಮಾಡಬಹುದಿತ್ತು. ಆದರೆ ನೀನು ಆ ಕಡೆಯಿಂದ ಸುಮ್ಮನೆ "ಹೂಂ" ಅಂದುಬಿಟ್ಟರೆ ನನ್ನ ಮಾತು ಅಲ್ಲೇ ನಿಲ್ಲುತ್ತದೆ, ನಿಂತರೆ ಮತ್ತೆ ಹೊರಡುವುದಿಲ್ಲ.

ಮೊದಲು ಮನೆಯ ಸುದ್ದಿ. ನಿನ್ನ ಭಾವ ಹೊಸ ಹಲ್ಲು ಕಟ್ಟಿಸಿಕೊಂಡು ವಾರವಾಯಿತು. ನಗುವುದಕ್ಕೆ ಹಾಕಿಕೊಳ್ಳುತ್ತಾರೆ, ಊಟಕ್ಕೆ ಕೂತಾಗ ತೆಗೆದಿಡುತ್ತಾರೆ. ನಮ್ಮ ಕನ್ನಡಕದಂಗಡಿಗೆ ಗಾಜು ಕತ್ತರಿಸುವ ಹೊಸ ಯಂತ್ರ ಬಂದಿದೆ. ಮಾಲೀಕರು ಅದನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಾರೆಯೇ ಹೊರತು ನನಗೆ ಮುಟ್ಟಲು ಬಿಡುವುದಿಲ್ಲ, ನನಗೆ ಹಳೆಯದೇ ಗತಿ. ನನ್ನ ಮಂಡಿ ನೋವು ಇದ್ದಲ್ಲೇ ಇದೆ.

ಇನ್ನು ನನ್ನ ಲೇಖಕಿಯ ವಿಷಯ. "ಅಕ್ಕಾ, ನಿಂಗೆ ಭಾವ ಇಲ್ದಿದ್ರೂ ನಡೆಯುತ್ತೆ, ಆಯಮ್ಮನ ಪುಸ್ತಕ ಇಲ್ದಿದ್ರೆ ನಡೆಯಲ್ಲ" ಅಂತ ರೇಗಿಸುತ್ತಿದ್ದೆಯಲ್ಲ, ಅದೇ ಆಯಮ್ಮ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಯ ಕಥೆ ಬರೆದವರು. ಅಂಗಡಿಯಲ್ಲಿ ಹತ್ತಿರದ ದೃಷ್ಟಿ ಪರೀಕ್ಷೆಗೆ ಒಂದು ಅಕ್ಷರದ ಕಾರ್ಡು ಇರುತ್ತದೆ. ನಾನು ಅದನ್ನು ಡ್ರಾಯರಿಗೆ ಹಾಕಿ, ಗಿರಾಕಿಗಳ ಕೈಗೆ ಆ ಕಾದಂಬರಿಯ ನಲವತ್ತೊಂದನೇ ಪುಟ ಕೊಡುತ್ತೇನೆ. ಅವರು ಪುಟದ ಕೊನೆಗೆ ಬಂದು "ಮುಂದೇನಾಯ್ತಮ್ಮಾ?" ಅನ್ನುತ್ತಾರೆ. "ಕನ್ನಡಕಾನೂ ತಗೊಳ್ಳಿ, ಪುಸ್ತಕಾನೂ ತಗೊಳ್ಳಿ, ಗೊತ್ತಾಗುತ್ತೆ" ಅನ್ನುತ್ತೇನೆ. ಈ ಸುದ್ದಿ ಲೇಖಕಿಯ ಕಿವಿಗೆ ಬಿದ್ದು, ಹೋದ ವರ್ಷ ಕ್ಯಾಮೆರಾದವರನ್ನು ಕರೆದುಕೊಂಡು ಅಂಗಡಿಗೇ ಬಂದರು. "ಇಂಥ ಓದುಗರಿದ್ರೆ ನಂಗೆ ಜಾಹೀರಾತು ಯಾಕ್ರೀ ಬೇಕು" ಅಂದರು. ಮೂರು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಫೋನಿನಲ್ಲಿ ಅವರ "ಮೊದಲ ನೂರು ಓದುಗರು" ಗುಂಪಿಗೆ ಸೇರಿಸಿದರು. ಬರೆಯುವವರು ಹೀಗೆಲ್ಲ ಮಾಡುತ್ತಾರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಕಣೇ. ಹೊಸ ಪುಸ್ತಕದ ಮುಖಪುಟವನ್ನು ನಾಲ್ಕು ತುಂಡು ಮಾಡಿ ದಿನಕ್ಕೊಂದು ತುಂಡು ತೋರಿಸಿದರು. ಬೆಳಗ್ಗೆ ಎದ್ದರೆ "ಇನ್ನು ಹನ್ನೊಂದೇ ದಿನ", ಮಾರನೇ ದಿನ "ಇನ್ನು ಹತ್ತೇ ದಿನ". ಅಲ್ಲಿಯವರೆಗೆ ದಿಂಬಿನ ಮೇಲೆ ಹಳೆಯ ಪುಸ್ತಕ ಇಟ್ಟು ಫೋಟೋ ಕಳಿಸಿ, ಬಸ್ಸಿನಲ್ಲಿ ಹಿಡಿದು ಕಳಿಸಿ, ಒಲೆ ಪಕ್ಕ ಇಟ್ಟು ಕಳಿಸಿ. ಒಬ್ಬ ಮಹರಾಯ ಪುಸ್ತಕಕ್ಕೆ ಟೋಪಿ ಹಾಕಿ ಕಳಿಸಿದ. ನಾನು ನಕ್ಕೆ, ಆದರೆ ನಾನೂ ಕಳಿಸಿದೆ. ನನ್ನ ಫೋಟೋಗೆ ಅವರು ಒಂದು ಹೃದಯದ ಚಿತ್ರ ಒತ್ತಿದರೆ ಆ ದಿನ ಗಾಜು ನುಣ್ಣಗೆ ಕತ್ತರಿಸುತ್ತಿದ್ದೆ. ಐವತ್ತೆಂಟು ವರ್ಷದ ಹೆಂಗಸಿಗೆ ನಾಚಿಕೆ ಬೇಡವೇ!

ಇದಕ್ಕೆಲ್ಲ ಮುಂಚೆ, ಡಿಸೆಂಬರಿನಲ್ಲಿ, ಗುಂಪಿನಲ್ಲಿ ಹೀಗೆ ಹಾಕಿದ್ದರು: "ನನ್ನ ಪುಸ್ತಕ ನಿಮ್ಮ ಬದುಕಿನಲ್ಲಿ ಏನು ಮಾಡಿತು? ಕೈಯಲ್ಲೇ ಬರೆದು ಕಳಿಸಿ. ನಾನೊಬ್ಬಳೇ ಓದುತ್ತೇನೆ."

ಗುಬ್ಬಿ, ನಾನು ಬರೆದೆ. ಅಮ್ಮ ಹೋದ ಬೆಳಗಿನ ವಿಷಯ ಬರೆದೆ.

ಈಗ ನೀನು ಕಾಗದ ಕೆಳಗಿಟ್ಟಿರುತ್ತೀಯ. ದಯವಿಟ್ಟು ಎತ್ತಿಕೋ. ವರ್ಷಾಂತಿಕದ ಮರುದಿನ, ಪಾತ್ರೆ ತೊಳೆಯುತ್ತಾ ನೀನು ನನಗೊಬ್ಬಳಿಗೇ ಹೇಳಿದ್ದೆ. ಆರೂವರೆಗೆ ನೋಡಿದಾಗ ಅಮ್ಮನ ಮೈ ತಣ್ಣಗಾಗಿತ್ತು, ನೀನು ಯಾರನ್ನೂ ಕರೆಯಲಿಲ್ಲ, ಕಾಫಿ ಮಾಡಿಕೊಂಡು ಕಿಟಕಿ ಹತ್ತಿರ ಕೂತೆ, ಒಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಲೋಟ ಕಾಫಿಯನ್ನು ಬಿಸಿಯಾಗಿಯೇ ಕುಡಿದು ಮುಗಿಸಿದೆ, ಲೋಟ ತೊಳೆದಿಟ್ಟೆ, ಏಳು ಗಂಟೆಗೆ ಅಣ್ಣನಿಗೆ ಫೋನು ಮಾಡಿದೆ. "ಯಾರ್ಗೂ ಹೇಳ್ಬೇಡ ಅಕ್ಕಾ, ಅಣ್ಣಂಗಂತೂ ಹೇಳ್ಲೇಬೇಡ" ಅಂದಿದ್ದೆ. ನಿನ್ನ ಹೆಸರನ್ನು ಆ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಅಷ್ಟು ಮಾತ್ರ ನಿಜ.

ಹೋದ ಸೋಮವಾರ ಪ್ರಕಾಶಕರ ಕಡೆಯಿಂದ ಅಂಗಡಿಗೆ ಒಂದು ಕಟ್ಟು ಬಂತು. ಬುಕ್‌ಮಾರ್ಕುಗಳು. ಗಿರಾಕಿಗಳಿಗೆ ಹಂಚಿ ಅಂತ ಚೀಟಿ. ಒಂದನ್ನು ಎತ್ತಿಕೊಂಡೆ. ಅದರ ಮೇಲೆ, "ಅಮ್ಮ ಹೋದ ಬೆಳಗ್ಗೆ, ಯಾರಿಗೂ ಹೇಳುವ ಮುಂಚೆ ಕುಡಿದ ಒಂದು ಲೋಟ ಬಿಸಿ ಕಾಫಿ. ನಿಮ್ಮ ಪುಸ್ತಕ ಅದನ್ನು ಕ್ಷಮಿಸಿತು." ಕೆಳಗೆ "ಒಬ್ಬ ಓದುಗಿ". ನನ್ನದೇ ಅಕ್ಷರ, ನನ್ನ ಕೈಬರಹವನ್ನೇ ಇದ್ದ ಹಾಗೇ ಅಚ್ಚು ಹಾಕಿಸಿದ್ದರು. ಕಟ್ಟನ್ನು ಮೇಜಿನ ಕೆಳಗೆ ತಳ್ಳಿ, ಮಾಲೀಕರಿಗೆ ತಲೆನೋವು ಅಂತ ಹೇಳಿ ಪ್ರಕಾಶಕರ ಆಫೀಸಿಗೆ ಓಡಿದೆ.

ಲೇಖಕಿ ಅಲ್ಲೇ ಇದ್ದರು, ಹೊಸ ಪುಸ್ತಕದ ರಾಶಿಗಳ ನಡುವೆ ಕೂತು ಒಂದೊಂದಕ್ಕೆ ಸಹಿ ಹಾಕುತ್ತಿದ್ದರು. ನನ್ನನ್ನು ನೋಡಿ ಎದ್ದು ಬಂದು ಕೈ ಹಿಡಿದುಕೊಂಡರು. ಕೋಪ ಮಾಡಿಕೊಳ್ಳಬೇಕೆಂದು ಹೋದವಳಿಗೆ ಕೈ ಹಿಡಿದರೆ ಏನು ಮಾಡಬೇಕು ಹೇಳು.

"ನಾನೊಬ್ಬಳೇ ಓದ್ತೀನಿ ಅಂದಿದ್ರಿ" ಅಂದೆ.

"ನಾನೊಬ್ಬಳೇ ಓದಿ ಸುಮ್ನಿರೋಕೆ ಆಗ್ಲಿಲ್ಲ ಕಣ್ರೀ, ಅಷ್ಟು ಚೆನ್ನಾಗಿದೆ. ಜನ ನಮ್ಮ ಮಾತು ನಂಬಲ್ಲ, ಇನ್ನೊಬ್ಬ ಓದುಗರ ಮಾತು ನಂಬ್ತಾರೆ. ಭಾನುವಾರ ಪುಸ್ತಕ ಬಿಡುಗಡೆ ಸಭೇಲಿ, ವೇದಿಕೆ ಮೇಲೆ ಪೂರ್ತಿ ಪತ್ರ ನೀವೇ ಓದ್ಬೇಕು. ಆಹ್ವಾನ ಪತ್ರಿಕೇಲಿ ನಿಮ್ಮ ಹೆಸರೂ ಹಾಕ್ಸಿದೀನಿ."

ನನಗೆ ಆಗುವುದಿಲ್ಲ ಅಂದೆ. ಆಗದಿದ್ದರೆ ನಾಟಕದವರೊಬ್ಬರು ನನ್ನ ಹೆಸರು ಹೇಳಿ ಓದುತ್ತಾರಂತೆ. ಪತ್ರ ವಾಪಸ್ಸು ಕೊಡಿ ಅಂದೆ. ಅವರು ನಕ್ಕರು. ಕೆಟ್ಟ ನಗುವಲ್ಲ, ಸುಸ್ತಾದವರ ನಗು. "ಆ ಪತ್ರ ಇಲ್ದೆ ಸಭೇಲಿ ಏನಿದೆ ಹೇಳಿ? ಒಬ್ಬರು ಹೊಗಳ್ತಾರೆ, ಇನ್ನೊಬ್ಬರು ಹೊಗಳ್ತಾರೆ, ನಾನು ಹೊಗಳಿಸ್ಕೊಂಡು ಕೂತಿರ್ತೀನಿ. ಹೋದ ಸಲ ಮುಂದಿನ ಸಾಲು ಬಿಟ್ರೆ ಎಲ್ಲಾ ಖಾಲಿ. ಹನ್ನೆರಡು ಪುಸ್ತಕ ಬರೆದೋಳು, ಹೀಗೆ ಬಾಗಿಲು ಬಾಗಿಲಿಗೂ ಹೋಗಿ ಓದಿ ಓದಿ ಅನ್ನೋದು ನಂಗೇನು ಖುಷೀನಾ?" ಆಮೇಲೆ ನನ್ನ ಮುಖ ನೋಡಿ, "ಅಷ್ಟಕ್ಕೂ ನಿಮ್ಮದೇ ಮಾತಲ್ವಾ? ನಾಚಿಕೆ ಯಾಕೆ?" ಅಂದರು.

ನಾನು ಕೈ ಬಿಡಿಸಿಕೊಂಡು ಹೊರಟು ಬಂದೆ. ಅವರ ಮೇಲೆ ಕೋಪ ಇದೆ, ಈಗಲೂ ಇದೆ. ಆದರೆ ಅವರ ಕಣ್ಣಿನ ಕೆಳಗಿನ ಕಪ್ಪು ನೋಡಿ ಅಯ್ಯೋ ಅನ್ನಿಸಿತು. ಬರೆಯುವವರಿಗೆ ನಾವು ಬೇಕು ಅಂತ ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ, ಯಾಕೆ ಬೇಕು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ನಿನ್ನೆ ಬೆಳಗ್ಗೆ ಅಣ್ಣ ಫೋನು ಮಾಡಿದ. ಆಹ್ವಾನ ಪತ್ರಿಕೆ ಯಾರೋ ಅವನಿಗೆ ಕಳಿಸಿದ್ದಾರೆ. "ಏನೇ, ದೊಡ್ಡ ಮನುಷ್ಯಳಾಗ್ಬಿಟ್ಟೆ! ನಾನೂ ನಿಮ್ಮತ್ತಿಗೇನೂ ಬರ್ತೀವಿ, ಮುಂದಿನ ಸಾಲಲ್ಲೇ ಕೂರ್ತೀವಿ" ಅಂದ. ಎಷ್ಟು ಸಂತೋಷದಿಂದ ಅಂದ ಗೊತ್ತಾ? ಮೂವತ್ತು ವರ್ಷ ಡಿಪೋದಲ್ಲಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದವನು ಅವನು. ಡಾಕ್ಟರು ಬಂದದ್ದು ಏಳೂ ಇಪ್ಪತ್ತಕ್ಕೆ, ಅಮ್ಮ ಹೋಗಿ ಒಂದು ಗಂಟೆ ಮೇಲಾಗಿದೆ ಅಂದರು, ಹಾಗಾದರೆ ನನಗೆ ಏಳಕ್ಕೆ ಯಾಕೆ ಫೋನು ಬಂತು ಅಂತ ಅವನು ಎರಡು ವರ್ಷ ಲೆಕ್ಕ ಹಾಕುತ್ತಲೇ ಇದ್ದ. ನಿನ್ನ ಹತ್ತಿರ ಮಾತು ಬಿಟ್ಟಿದ್ದ. ಈಗ ವರ್ಷದಿಂದ ಪ್ರತಿ ಭಾನುವಾರ ನಿನ್ನ ಮನೆಗೆ ಊಟಕ್ಕೆ ಬರುತ್ತಾನೆ ಅಂತ ನಿನ್ನ ಪತ್ರದಲ್ಲಿ ಎಷ್ಟು ಹಿಗ್ಗಿ ಬರೆದಿದ್ದೆ! ಸಭೆಯಲ್ಲಿ ಆ ಬುಕ್‌ಮಾರ್ಕು ಕೈಗೆ ಸಿಕ್ಕ ಗಳಿಗೆಯಲ್ಲಿ ಅವನ ಲೆಕ್ಕ ಕೂಡಿಬಿಡುತ್ತದೆ. ಮತ್ತೆ ಅವನು ನಿನ್ನ ಮೆಟ್ಟಿಲು ಹತ್ತುವುದಿಲ್ಲ.

ಅದಕ್ಕೆ ನಿರ್ಧಾರ ಮಾಡಿದ್ದೇನೆ. ನಾಳೆ ನಾಲ್ಕು ಗಂಟೆಗೆ ಮೈಕಿನ ಮುಂದೆ ನಾನೇ ನಿಲ್ಲುತ್ತೇನೆ. ಆ ಕಾಫಿ, ಆ ಕಿಟಕಿ, ಆ ಅರ್ಧ ಗಂಟೆ ಎಲ್ಲಾ ನಾನು ಕಟ್ಟಿದ ಕಥೆ, ಲೇಖಕಿಯ ಕಣ್ಣಿಗೆ ಬೀಳಬೇಕೆಂದು ಬರೆದ ಸುಳ್ಳು ಅಂತ ಹೇಳುತ್ತೇನೆ. ಅಣ್ಣ ನಂಬುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವನಿಗೆ ತಲೆ ತಗ್ಗಿಸುವ ಹಾಗಾಗುತ್ತದೆ, ಲೇಖಕಿಗೆ ಸಭೆಯಲ್ಲಿ ಅವಮಾನವಾಗುತ್ತದೆ, ಗುಂಪಿನಿಂದ ನನ್ನನ್ನು ತೆಗೆಯುತ್ತಾರೆ. ಬೆಳಗ್ಗಿನಿಂದ ಎರಡು ಗಾಜು ಒಡೆದಿದ್ದೇನೆ. ಆದರೂ ಹೇಳುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅದೆಲ್ಲ ಮುಗಿದಿರುತ್ತದೆ. ಅಣ್ಣ ಕೇಳಿದರೆ ನಿನಗೇನೂ ಗೊತ್ತಿಲ್ಲ ಅನ್ನು, ಅಷ್ಟು ಸಾಕು.

ಹೊತ್ತು ಹೊತ್ತಿಗೆ ಊಟ ಮಾಡು. ಬೆನ್ನು ನೋವಿಗೆ ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೋ, ಅಲಂಕಾರಕ್ಕೆ ಕೊಟ್ಟದ್ದಲ್ಲ. ನಿನ್ನ ದಿನಗಳು ನಿನ್ನವಾಗಿಯೇ ಇರಲಿ, ಮನಸ್ಸು ಹಗುರವಾಗಿರಲಿ ಎಂದು ಹರಸುವ,

ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ ಗುಬ್ಬಿ, ಬರೆಯಲು ಕೈ ಬಂದಿರಲಿಲ್ಲ. ಆ ಪತ್ರದಲ್ಲಿ ನಿನ್ನ ಹೆಸರಿಲ್ಲ ಅಂದೆನಲ್ಲ, ಅದರಲ್ಲಿ ನೀನೇ ಇಲ್ಲ. ಒಂಬತ್ತು ವರ್ಷ ಅಮ್ಮನ ಮಗ್ಗುಲು ಬದಲಿಸಿದವಳು ನಾನು, ಬಟ್ಟೆ ಒಗೆದವಳು ನಾನು, ಕಾಫಿ ಕುಡಿದವಳೂ ನಾನು ಅಂತ ಬರೆದಿದ್ದೇನೆ. ವರ್ಷಕ್ಕೆ ಎರಡು ಸಲ ಹಣ್ಣು ಹಿಡಿದುಕೊಂಡು ಬಂದು, ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದ ನಾನು. ಅಣ್ಣ ನಂಬುತ್ತಾನೆ ಅಂದದ್ದು ಅದಕ್ಕೇ, ನಾನು ಅಲ್ಲಿರಲಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಲೇಖಕಿ ನನಗೆ ಒಂದೇ ಸಾಲಿನ ಉತ್ತರ ಬರೆದಿದ್ದರು, "ತಾಯಿಯನ್ನು ಅಷ್ಟು ವರ್ಷ ನೋಡಿಕೊಂಡ ನಿಮ್ಮ ಕೈಗಳಿಗೆ ನನ್ನ ನಮಸ್ಕಾರ" ಅಂತ. ಮಡಿಕೆ ಹರಿಯುವವರೆಗೂ ಅದನ್ನು ಓದಿದ್ದೇನೆ. ಅಮ್ಮ ಹೋಗಿ ಮೂರು ವರ್ಷವಾಯಿತು, ಆ ನಮಸ್ಕಾರದ ಮಾತನ್ನು ನಾನು ನಿನಗೆ ಒಂದು ಸಲವೂ ಹೇಳಿಲ್ಲ.