ಎಲೆ ಬಿಟ್ಟ ಜಾಗ

ಅಪ್ಪನಿಗೆ ನುಯಿಯ ನಮಸ್ಕಾರಗಳು.

ನಗೋಯಾದಲ್ಲಿ ಪ್ಲಮ್ ಇನ್ನೂ ಅರಳಿಲ್ಲ. ಹೂವಿನ ಮಾತಿನಿಂದ ಪತ್ರ ಶುರುಮಾಡುವ ತಾಳ್ಮೆಯೂ ನನಗೀಗ ಇಲ್ಲ.

ನೀವು ಬಂದಿದ್ದಾಗ ಗೋಡೆಗೆ ಒರಗಿಸಿಟ್ಟಿದ್ದ ನನ್ನ ಬಿದಿರಿನ ಚಿತ್ರ ಅಪೂರ್ಣವಾಗಿರಲಿಲ್ಲ. ನಾನು ಒಳಗೆ ಮೂಲಂಗಿ ಹೆಚ್ಚುವಷ್ಟರಲ್ಲಿ ಕುಂಚ ತೆಗೆದುಕೊಂಡು, "ಎಷ್ಟೊಂದು ಎಲೆ ಬಿಟ್ಟುಬಿಟ್ಟಿದ್ದೀಯಲ್ಲೇ, ನಾನೇ ತುಂಬಿಸಿಕೊಟ್ಟೆ" ಎಂದಿರಿ. ಅದು ಎಲೆ ಬಿಟ್ಟ ಜಾಗವಲ್ಲ ಅಪ್ಪ, ಹಿಮ. ನನ್ನ ಹೆಸರಿನಲ್ಲಿ ಪ್ರದರ್ಶನಕ್ಕೆ ಹೋಗಬೇಕಿದ್ದ ಮೊದಲ ಚಿತ್ರ. ಕಾಗದಕ್ಕೆ ಇಳಿದ ಮಸಿ ಮತ್ತೆ ಹೋಗುವುದಿಲ್ಲವೆಂದು ನಿಮಗೆ ನಾನು ಹೇಳಬೇಕೇ? "ಮಾವ ಒಂದೇ ಮಧ್ಯಾಹ್ನಕ್ಕೆ ಹಿಮಾನೆಲ್ಲ ಕರಗಿಸಿಬಿಟ್ರು ನೋಡು" ಎಂದು ನಮ್ಮ ಮನೆಯವರು ಇನ್ನೂ ನಗುತ್ತಿದ್ದಾರೆ.

ಹಿಮವನ್ನು ಬರೆಯಬಾರದು, ಸುತ್ತಲಿನ ಆಕಾಶಕ್ಕೆ ತಿಳಿಮಸಿ ಬಳಿದು ಕಾಗದವನ್ನು ಬಿಳಿಯಾಗಿ ಬಿಡಬೇಕು ಎಂದು ಕಲಿಸಿದವರು ನೀವೇ. ನಾನು ಹಾಗೆಯೇ ಬಳಿದಿದ್ದೆ. ನಿನ್ನೆ ಕೋಪದಲ್ಲೇ ಚಿತ್ರವನ್ನು ಕಿಟಕಿಯ ಬಳಿ ಹಿಡಿದು ನೋಡಿದೆ. ನಿಮ್ಮ ಎಲೆಗಳು ಒಂದೊಂದೂ ಚೆನ್ನಾಗಿವೆ. ಆದರೆ ಆ ಬೂದು ಆಕಾಶ ನಿಮಗೆ ಕಂಡೇ ಇರಲಿಲ್ಲ, ಅಲ್ಲವೇ?

ಕಣ್ಣಿನ ವೈದ್ಯರು ನಮ್ಮ ಬೀದಿಯಲ್ಲೇ ಇದ್ದಾರೆ. ನುಯಿಯ ಚಿತ್ರ ತಿದ್ದಲು ಹೋಗುತ್ತಿದ್ದೇನೆಂದು ಅಣ್ಣನಿಗೆ ಹೇಳಿ ಹೊರಡಿ, ಕಣ್ಣಿನ ವಿಷಯ ಹೇಳಬೇಕಿಲ್ಲ. ಯಾರಿಂದಲೂ ಓದಿಸಿಕೊಳ್ಳಬೇಕಾಗದಿರಲಿ ಎಂದು ಈ ಪತ್ರವನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಅದೇ ಬಿದಿರನ್ನು ಮತ್ತೆ ಬರೆಯುತ್ತೇನೆ. ಈ ಸಲ ಆಕಾಶದ ಮಸಿಯನ್ನು ನಿಮಗೆ ಕಾಣುವಷ್ಟು ಕಪ್ಪಾಗಿ ಅರೆಯುತ್ತೇನೆ. ನೀವು ಪಕ್ಕದಲ್ಲಿ ಕೂತು ನೋಡಿ. ಕುಂಚ ಮಾತ್ರ ಮುಟ್ಟಬೇಡಿ.

ನಿಮ್ಮ ಮಗಳು,
ನುಯಿ