ಆರು ಮರಿ ಸಾಕು

ಮಾರ್ಚ್ 3, ಬೆಳಿಗ್ಗೆ

ಹಾಲು ಕರೆದಾಯಿತು. ಅಕ್ಕನಿಗೆ ಮಂಡಿನೋವು, ಹಾಗಾಗಿ ನಾನೇ. ಅವಳ ಹೊಲದ ಮನೆಗೆ ಬಂದು ಹನ್ನೊಂದು ದಿನ. ಮಗಳು ಇವತ್ತೂ ಅರ್ಧ ಬ್ರೆಡ್ಡಿಗೇ ತಟ್ಟೆ ಬಿಟ್ಟು ಎದ್ದಳು. ಹದಿನಾರು ವರ್ಷ, ಕಡ್ಡಿಯಂಥ ಕೈ. ಡಾಕ್ಟರಮ್ಮ ಹೇಳಿ ಕಳಿಸಿದ್ದು: "ತಟ್ಟೆ ಮುಂದೆ ತೂಕದ ಮಾತು ಬೇಡ. ಒಂದು ತಿಂಗಳು ನೋಡೋಣ. ಸುಧಾರಿಸದಿದ್ರೆ ಆಸ್ಪತ್ರೆಗೆ ಸೇರಿಸ್ಲೇಬೇಕು." ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ನನ್ನಂಥವಳ ಬಾಯಿಗೆ!

ಮಾರ್ಚ್ 4

ಅಕ್ಕ ಕುಂಬಳಕಾಯಿ ಬೇಯಿಸಿ ಬೆಣ್ಣೆ ಹಾಕಿ ಇಟ್ಟಳು.

"ದೊಡ್ಡಮ್ಮ, ಇದ್ರಲ್ಲಿ ಕ್ಯಾಲರಿ ಎಷ್ಟು?"

"ಗೊತ್ತಿಲ್ಲಮ್ಮ. ಕಿತ್ಕೊಂಡ್ ಬರೋವಾಗ ಅದೇನೂ ಹೇಳ್ಲಿಲ್ಲ."

ನಕ್ಕಳು ಹುಡುಗಿ! ಮೂರು ಚಮಚ ತಿಂದಳು. ಎಣಿಸಬಾರದಿತ್ತು, ಎಣಿಸಿದೆ.

ಮಾರ್ಚ್ 7, ಮಧ್ಯಾಹ್ನ

ಎಡವಟ್ಟು. ಕೋಳಿಮರಿ ಮಾರುವವನು ಬರುತ್ತಾನೆಂದು, ಪೇಟೆಗೆ ಹೊರಡುವಾಗ ಅಕ್ಕನಿಗೆ ಚೀಟಿ ಬರೆದಿಟ್ಟಿದ್ದೆ: "ಆರು ಮರಿ ಸಾಕು." ಆರಕ್ಕಿಂತ ಜಾಸ್ತಿ ಬೇಡ ಎಂದು. ಚೀಟಿ ಸಿಕ್ಕಿದ್ದು ಮಗಳಿಗೆ. ತನಗೇ ಅಪ್ಪಣೆ ಎಂದುಕೊಂಡಿದ್ದಾಳೆ! ವಾಪಸ್ ಬಂದರೆ ರಟ್ಟಿನ ಪೆಟ್ಟಿಗೆಯಲ್ಲಿ ಆರು ಮರಿ, ಮೇಲೆ ಬಲ್ಬು, ನುಚ್ಚು, ನೀರಿನ ಬಟ್ಟಲು.

"ನೀನೇ ಬರ್ದಿದ್ಯಲ್ಲ, ಸಾಕು ಅಂತ. ಸಾಕ್ತಿದೀನಿ."

ಅಕ್ಕ ಗೋಡೆ ಕಡೆ ತಿರುಗಿ ಭುಜ ಕುಣಿಸಿಕೊಂಡು ನಗುತ್ತಿದ್ದಳು. ನಾನು ತಿದ್ದಲಿಲ್ಲ. ಜೀವನದಲ್ಲಿ ಒಂದು ಸಲವಾದರೂ ತೆಪ್ಪಗಿದ್ದೆ, ದೇವರು ದೊಡ್ಡವನು.

ಮಾರ್ಚ್ 15

ಬಟಾಣಿ ಕೊಯ್ಲು. ಎಂಟು ದಿನ ಪೆನ್ನು ಹಿಡಿಯಲು ಪುರುಸೊತ್ತಿಲ್ಲ. ಮಗಳು ಮರಿಗಳ ಪಕ್ಕದಲ್ಲೇ ಕೂತು ಗಂಜಿ ಕುಡಿಯುತ್ತಾಳೆ.

"ಈ ಕುಳ್ಳಿ ಎರಡು ಕಾಳು ಕುಟುಕಿ ಓಡುತ್ತೆ, ಆಮೇಲೆ ತಾನೇ ಬರುತ್ತೆ. ಅದು ನೋಡು, ಹೊಟ್ಟೆಬಾಕ. ಎರಡೂ ಚೆನ್ನಾಗೇ ಇವೆ ಅಲ್ವಾಮ್ಮ?"

ಹೂಂ ಎಂದೆ. ನಿನ್ನೆ ಬಟಾಣಿ ಸುಲಿಯುತ್ತಾ ಹಸಿಯದನ್ನೇ ಬಾಯಿಗೆ ಎಸೆದುಕೊಳ್ಳುತ್ತಿದ್ದಳು. ಈ ಸಲ ಎಣಿಸಲಿಲ್ಲ.

ಮಾರ್ಚ್ 20, ಸಂಜೆ

ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ತೂಕ ಎಷ್ಟೆಂದು ನಮಗೆ ಹೇಳಲಿಲ್ಲ. "ಆಸ್ಪತ್ರೆ ಬೇಡ. ಅಲ್ಲೇ ಇರಿ, ಹೀಗೇ ಇರಿ" ಎಂದರು. ಬಸ್ಸಿನಲ್ಲಿ ಅತ್ತುಬಿಟ್ಟೆ. ಅಕ್ಕನಿಗೆ, ಆ ಕುಳ್ಳಿಗೆ, ಎಲ್ಲರಿಗೂ ಕೈಮುಗಿಯಬೇಕು ಅನ್ನಿಸಿತು.

"ಅಮ್ಮಾ, ಜನ ನೋಡ್ತಿದಾರೆ" ಎಂದಳು. ಆಮೇಲೆ ಕಿಟಕಿ ಕಡೆ ತಿರುಗಿ, "ನೀನು ಯಾವತ್ತಾದ್ರೂ ಕೂತು ಊಟ ಮಾಡಿದ್ದು ನಾನು ನೋಡೇ ಇಲ್ಲ."

ಹೌದು. ನಿಂತೇ ತಿಂದಿದ್ದೇನೆ. ದಪ್ಪ ಆದೆ, ದಪ್ಪ ಆದೆ ಎಂದು ಗೊಣಗುತ್ತಾ ತಟ್ಟೆ ಸರಿಸಿದ್ದೇನೆ. ಈ ಹುಡುಗಿ ಇದನ್ನೆಲ್ಲಿ ಕಲಿತಳೋ ಎಂದು ಕಂಡಕಂಡವರನ್ನು ಕೇಳಿದವಳೂ ನಾನೇ.

ಮಾರ್ಚ್ 21, ಮಧ್ಯಾಹ್ನ 1

ಒಲೆ ಮುಂದೆ ಮಗಳು. ಬಟಾಣಿ, ಆಲೂಗೆಡ್ಡೆ. ಮನೆಯೆಲ್ಲ ಘಮ. ಮೇಜಿನ ಮೇಲೆ ಮೂರು ತಟ್ಟೆ. ಅಕ್ಕ ಆಗಲೇ ಕೂತಾಯಿತು. ಮಗಳು ನನಗೆಂದು ಕುರ್ಚಿ ಎಳೆದು, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ.

"ಬರ್ದಿದ್ದು ಆಯ್ತಾ? ನೀನು ಕೂತ್ರೆ ನಾನೂ ಕೂರ್ತೀನಿ. ಆರೋಗುತ್ತೆ."

ಹಸಿವಾಗಿದೆ. ಎಷ್ಟೋ ವರ್ಷದ ಮೇಲೆ, ನಿಜವಾಗಿ ಹೊಟ್ಟೆ ಚುರುಗುಟ್ಟುತ್ತಿದೆ. ಬಂದೆ ಕಣೇ, ಬಂ—